ಸ್ನೇಹವೂ ಶೋಧನೆಯೂ

ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ‘ಸ್ನೇಹ’ವೆಂಬುದೊಂದೇ ಹೆಸರು. ತಾರ್ಕಿಕರು ಇದನ್ನು ಒಂದು ಗುಣವೆಂದು ಎಣಿಸಿ, ಹಿಟ್ಟು ಮೊದಲಾದ ಪುಡಿಗಳು ಒಂದುಗೂಡಿ ಮುದ್ದೆಯಾಗುವುದಕ್ಕೆ ಯಾವುದು ಕಾರಣವೋ ಅದೇ ಸ್ನೇಹವೆಂದು ಲಕ್ಷಣವನ್ನು ಹೇಳಿದ್ದಾರೆ. ಕೂಡಿಸುವುದೇ ಸ್ನೇಹದ ಧರ್ಮವೆಂದು ಇದರ ತಾತ್ಪರ್ಯ. ಆದರೆ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ರೈತನಿಗೆ ಸ್ನೇಹದ ಇನ್ನೊಂದು ಧರ್ಮವೂ ಗೊತ್ತು. ಅಲ್ಲಿ ಎಣ್ಣೆಯು ಎರಡನ್ನು ಕೂಡಿಸುವುದಿಲ್ಲ; ಒಂದನ್ನೊಂದು ತಿನ್ನದಂತೆ ನಡುವೆ ನಿಂತು ಕಾಯುತ್ತದೆ. ಇಂದು ಮನೆಮನೆಯ ಮುಂದೆ ನಿಂತಿರುವ ಮೋಟಾರು ಸೈಕಲ್ಲಿನ ಯಂತ್ರವು ಬದುಕಿರುವುದು ಈ ಎರಡನೆಯ ಬಗೆಯ ಸ್ನೇಹದಿಂದ. ಕೂದಲಿಗಿಂತಲೂ ತೆಳುವಾದ ಎಣ್ಣೆಯ ಪೊರೆಯೊಂದು ಲೋಹಕ್ಕೂ ಲೋಹಕ್ಕೂ ನಡುವೆ ಇರುವವರೆಗೆ ಯಂತ್ರವುಂಟು. ಆ ಪೊರೆ ಹರಿದ ಕ್ಷಣದಲ್ಲಿ ಯಂತ್ರವಿಲ್ಲ.

ನಮ್ಮ ಹಿತ್ತಿಲಿನ ಹರಳಿಗೂ ಈ ಯಂತ್ರಗಳಿಗೂ ಹಳೆಯ ನಂಟುಂಟು. ೧೯೦೯ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಎಂಬ ವರ್ತಕರ ಸಂಸ್ಥೆಯು ಮೋಟಾರುಗಳಿಗಾಗಿ ಹೊಸ ತೈಲವೊಂದನ್ನು ಸಿದ್ಧಪಡಿಸಿದಾಗ ಅದರಲ್ಲಿ ಹರಳೆಣ್ಣೆಯನ್ನು ಬೆರೆಸಿತ್ತು. ಹರಳಿಗೆ ಇಂಗ್ಲಿಷಿನಲ್ಲಿರುವ ‘ಕ್ಯಾಸ್ಟರ್’ ಎಂಬ ಹೆಸರಿನಿಂದಲೇ ‘ಕ್ಯಾಸ್ಟ್ರಾಲ್’ ಎಂಬ ನಾಮಧೇಯವು ಹುಟ್ಟಿತು. ಅಂದಿನಿಂದ ಇಂದಿನವರೆಗೆ ತೈಲಗಳ ಬಗೆಗಳು ಬೆಳೆದು, ಅಂಗಡಿಯ ಮುಂದೆ ನಿಂತ ಗೃಹಸ್ಥನಿಗೆ ಯಾವುದನ್ನು ಕೊಳ್ಳಬೇಕೆಂಬುದೇ ತಿಳಿಯದಂತಾಗಿದೆ. ತಿಳಿಯದೆ ಕೊಂಡುದರ ಫಲವೇನೆಂಬುದನ್ನು ಒಂದು ಮನೆಯ ವೃತ್ತಾಂತವು ತಿಳಿಸೀತು.

ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ಹಸುಗಳನ್ನು ಕಟ್ಟಿಕೊಂಡು, ಪಟ್ಟಣದ ಮನೆಗಳಿಗೆ ಹಾಲು ಹಾಕಿ ಬದುಕುವ ಸಂಸಾರವೊಂದುಂಟು. ತಂದೆಯು ೨೦ ವರ್ಷಗಳಿಗೂ ಮೇಲ್ಪಟ್ಟು ಯೆಜ್ಡಿ ಗಾಡಿಯಲ್ಲಿ ಹಾಲು ಹೊತ್ತವನು. ಆ ಗಾಡಿಯು ಮೈಸೂರಿನಲ್ಲಿಯೇ ಹುಟ್ಟಿದುದು. ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಲ್ಲಿ ಅಲ್ಲಿ ಜಾವಾ ಗಾಡಿಗಳನ್ನು ತಯಾರಿಸತೊಡಗಿ, ೧೯೭೩ರಿಂದ ಅವುಗಳಿಗೆ ಯೆಜ್ಡಿ ಎಂಬ ಹೆಸರನ್ನಿಟ್ಟು, ೧೯೯೬ರಲ್ಲಿ ಬಾಗಿಲು ಮುಚ್ಚಿತು. ಯೆಜ್ಡಿಯದು ಟೂ ಸ್ಟ್ರೋಕ್ ಯಂತ್ರ. ಅದರಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಅಳತೆಯಿಂದ ಬೆರೆಸಬೇಕು. ಅದು ಪೆಟ್ರೋಲಿನೊಡನೆ ಒಳಹೊಕ್ಕು, ತನ್ನ ಕೆಲಸವನ್ನು ಮಾಡಿ, ಅದರೊಡನೆಯೇ ಉರಿದು ಹೊಗೆಯಾಗಿ ಹೊರಟುಹೋಗುತ್ತದೆ. ಗೇರುಗಳ ಪೆಟ್ಟಿಗೆಯ ಎಣ್ಣೆಯೊಂದು ಬೇರೆ ಇದ್ದರೂ, ಯಂತ್ರದೊಳಕ್ಕೆ ಹೋಗುವ ಎಣ್ಣೆಯು ಪ್ರತಿಸಲವೂ ಹೊಸತೇ. ಆದುದರಿಂದ ಅದನ್ನು ಸೋಸುವ ಮಾತೇ ಇಲ್ಲ. ತಂದೆಯು ಈ ಶಾಸ್ತ್ರವನ್ನು ಚೆನ್ನಾಗಿ ಬಲ್ಲವನಾಗಿದ್ದನು. ಅಳತೆಯ ಲೋಟವನ್ನು ಹಿಡಿಯುವ ಅವನ ಕೈ ಒಂದು ದಿನವೂ ತಪ್ಪಿದುದಿಲ್ಲ.

ಮಗನು ಕೊಂಡುದು ಫೋರ್ ಸ್ಟ್ರೋಕ್ ಗಾಡಿ. ಅದರ ಯಂತ್ರದ ತಳದಲ್ಲಿ ಸುಮಾರು ಒಂದು ಲೀಟರಿನಷ್ಟು ಎಣ್ಣೆ ನಿಂತಿರುತ್ತದೆ. ಪಂಪು ಅದನ್ನು ಮೇಲಕ್ಕೆ ಕಳುಹಿಸುತ್ತದೆ. ಅದು ಎಲ್ಲ ಅಂಗಗಳನ್ನೂ ನೆನೆಸಿ ಕೆಳಕ್ಕಿಳಿದು, ಮತ್ತೆ ಮೇಲೇರುತ್ತದೆ. ಹೀಗೆ ಸಾವಿರಾರು ಮೈಲಿ ಒಂದೇ ಎಣ್ಣೆಯ ಸಂಚಾರ. ಸವೆದ ಲೋಹದ ಪುಡಿ, ಉರಿದ ಪೆಟ್ರೋಲಿನ ಮಸಿ, ಒಳನುಸುಳಿದ ಧೂಳು ಎಲ್ಲವೂ ಅದರಲ್ಲಿಯೇ ಸೇರುತ್ತ ಹೋಗುತ್ತವೆ. ಆದುದರಿಂದಲೇ ಅಲ್ಲಿ ಸೋಸುಗವೊಂದು ಬೇಕಾಯಿತು. ಇದನ್ನೇ ಜನರು ಆಯಿಲ್ ಫಿಲ್ಟರ್ ಎನ್ನುತ್ತಾರೆ. ತಂದೆಗೆ ಇದು ತಿಳಿಯದು. “ಎಣ್ಣೆ ಕಡಿಮೆಯಾದರೆ ಹಾಕು, ಇದ್ದುದನ್ನು ಚೆಲ್ಲುವುದೇಕೆ?” ಎಂದು ಅವನು ಮಗನಿಗೆ ಹೇಳಿದನು. ಉಪದೇಶವು ಪ್ರೀತಿಯದೇ, ಮಿತವ್ಯಯದ್ದೇ; ಆದರೆ ಬೇರೊಂದು ಯಂತ್ರದ್ದು.

ಒಂದು ವರ್ಷಕ್ಕೂ ಹೆಚ್ಚು ಕಾಲ ಎಣ್ಣೆಯನ್ನು ಬದಲಿಸದೆ ಓಡಿಸಿದ ಮೇಲೆ ಗಾಡಿಯು ಸದ್ದುಮಾಡತೊಡಗಿತು. ಮಗನು ಹೆದರಿ, ಬೆಲೆ ಹೆಚ್ಚಾದುದು ಗುಣದಲ್ಲಿಯೂ ಹೆಚ್ಚೆಂದು ಭಾವಿಸಿ, ಕಾರುಗಳಿಗೆ ಹಾಕುವ ತೆಳುವಾದ ದುಬಾರಿಯ ಎಣ್ಣೆಯನ್ನು ತಂದು ಸುರಿದನು. ಅದಕ್ಕಾದ ವೆಚ್ಚವನ್ನು ಸರಿದೂಗಿಸಲೆಂದು ಸೋಸುಗವನ್ನು ಮಾತ್ರ ಅತ್ಯಂತ ಅಗ್ಗವಾದುದನ್ನೇ ಆರಿಸಿದನು. ಕೆಲವು ದಿನಗಳಲ್ಲಿ ಕ್ಲಚ್ಚು ಜಾರಲಾರಂಭಿಸಿತು. ಯಂತ್ರವು ಕೂಗುತ್ತಿದ್ದರೂ ಹಾಲಿನ ಭಾರದೊಡನೆ ಗಾಡಿಯು ಏರನ್ನು ಹತ್ತಲಾರದಾಯಿತು. ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ನಡುದಾರಿಯಲ್ಲಿ ಯಂತ್ರವೇ ಕಚ್ಚಿಕೊಂಡು ನಿಂತಿತು. ಅಂದಿನ ಹಾಲು ಬಿಸಿಲಿನಲ್ಲಿ ಒಡೆಯಿತು. ದುರಸ್ತಿಗೆ ಬೇಕಾದ ಹಣ ಮನೆಯಲ್ಲಿರಲಿಲ್ಲ. ಕೊನೆಗೆ, ಹಾಲು ಹೊರುವ ಗಾಡಿಯನ್ನು ಬದುಕಿಸುವುದಕ್ಕಾಗಿ ಹಾಲು ಕೊಡುವ ಹಸುವೊಂದನ್ನು ಮಾರಬೇಕಾಯಿತು.

ಗಾಡಿಯನ್ನು ಬಿಚ್ಚಿದವನು ಪಟ್ಟಣದ ವೃದ್ಧ ಮೇಸ್ತ್ರಿಯೊಬ್ಬನು. ಆತನು ತಂದೆಮಕ್ಕಳಿಬ್ಬರನ್ನೂ ಬೆಂಚಿನ ಮೇಲೆ ಕುಳ್ಳಿರಿಸಿ, ಯಾರನ್ನೂ ಬಯ್ಯದೆ, ಒಂದು ಚೂರಿಯನ್ನು ತೆಗೆದುಕೊಂಡು ಎರಡು ಹಳೆಯ ಸೋಸುಗಗಳನ್ನು ಅವರ ಮುಂದೆ ಸೀಳಿದನು. ಒಂದು ಈ ಗಾಡಿಯಿಂದ ತೆಗೆದುದು. ಇನ್ನೊಂದು ಗಾಡಿಯ ತಯಾರಕರೇ ಮಾರುವಂಥದು. ಹೊರಗಿನಿಂದ ನೋಡಿದರೆ ಅವಳಿಗಳಂತಿದ್ದವು.

ಒಳಗೆ ಹಾಗಿರಲಿಲ್ಲ. ಎರಡರಲ್ಲಿಯೂ ಇದ್ದುದು ನಿರಿಗೆ ಹಿಡಿದ ಕಾಗದವೇ. ಆದರೆ ತಯಾರಕರ ಸೋಸುಗದಲ್ಲಿ ನಿರಿಗೆಗಳು ಸಮವಾಗಿ, ಮದುವೆಯ ಸೀರೆಯ ನಿರಿಗೆಯಂತೆ ಒಂದೇ ಅಂತರದಲ್ಲಿದ್ದವು. ಎಣ್ಣೆಯಲ್ಲಿ ಬೆಂದರೂ ಕಾಗದವು ಗಡುಸಾಗಿತ್ತು. ತುದಿಗಳಲ್ಲಿ ಅಂಟು ಎಲ್ಲಿಯೂ ಬಿಟ್ಟಿರಲಿಲ್ಲ. ರಂಧ್ರದ ಸುತ್ತಣ ರಬ್ಬರು ಇನ್ನೂ ಮೆತ್ತಗಿತ್ತು. ಅಗ್ಗದ ಸೋಸುಗದಲ್ಲಿ ನಿರಿಗೆಗಳು ಕಡಿಮೆ. ಇದ್ದವೂ ಒಂದೆಡೆ ಗುಂಪಾಗಿ ಇನ್ನೊಂದೆಡೆ ಅಗಲವಾಗಿ ಬಾಯ್ದೆರೆದಿದ್ದವು. ತುದಿಯ ಅಂಟು ಬಿಟ್ಟು ಸಂದು ಕಾಣುತ್ತಿತ್ತು. ಎಣ್ಣೆಯು ಕಾಗದವನ್ನು ಹಾಯದೆ ಆ ಸಂದಿನಿಂದಲೇ ನುಸುಳುತ್ತಿತ್ತು. ಕಾಗದವು ಒಂದು ಮೂಲೆಯಲ್ಲಿ ಹರಿದಿತ್ತು. ಅದರ ಚೂರು ಯಂತ್ರದ ತಲೆಗೆ ಎಣ್ಣೆಯನ್ನೊಯ್ಯುವ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡಿದ್ದುದನ್ನು ಮೇಸ್ತ್ರಿಯು ಮೊದಲೇ ತೆಗೆದಿಟ್ಟಿದ್ದನು. ಉಗುರಿನಷ್ಟು ಕಾಗದ, ಅದರ ಬೆಲೆ ಒಂದು ಹಸು.

ಗುರುಗಳು ಮಂದಶಿಷ್ಯನನ್ನು ಜರಡಿಗೆ ಹೋಲಿಸಿ ನಿಂದಿಸುವುದು ಹಳೆಯ ಪದ್ಧತಿ. ಹಿಟ್ಟನ್ನು ಬಿಟ್ಟು ತೌಡನ್ನು ಹಿಡಿದುಕೊಳ್ಳುವುದು ಜರಡಿಯ ದೋಷವಷ್ಟೆ. ಯಂತ್ರದಲ್ಲಾದರೋ ಆ ದೋಷವೇ ಗುಣವಾಗುತ್ತದೆ. ಕೆಟ್ಟುದನ್ನು ತಾನಿಟ್ಟುಕೊಂಡು ಒಳ್ಳೆಯದನ್ನು ಮುಂದಕ್ಕೆ ಬಿಡುವುದೇ ಸೋಸುಗದ ಕೆಲಸ. ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ರಂಧ್ರಗಳು ಬಹಳ ಕಿರಿದಾದರೆ ಕಸವೇನೋ ನಿಲ್ಲುತ್ತದೆ, ಎಣ್ಣೆಯೂ ನಿಂತುಬಿಡುತ್ತದೆ. ಕಸ ತುಂಬಿ ದಾರಿ ಕಟ್ಟಿದಾಗ, ಇಲ್ಲವೆ ಚಳಿಯಲ್ಲಿ ಎಣ್ಣೆಯು ಗಟ್ಟಿಯಾದಾಗ, ಪಕ್ಕದ ದಾರಿಯೊಂದನ್ನು ತೆರೆಯುವ ಚಿಕ್ಕ ಕವಾಟವನ್ನು ಸೋಸುಗದಲ್ಲಿಯೋ ಯಂತ್ರದಲ್ಲಿಯೋ ಇಟ್ಟಿರುತ್ತಾರೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಸೋಸದ ಎಣ್ಣೆಯಾದರೂ ಮೇಲೆಂಬುದು ಇದರ ನ್ಯಾಯ. ಹಾಗೆಂದಮೇಲೆ, ಕಾಲಕ್ಕೆ ಬದಲಿಸದ ಉತ್ತಮ ಸೋಸುಗವು ಸೋಸುಗವೇ ಇಲ್ಲದುದಕ್ಕೆ ಸಮಾನವಾದೀತು.

ಕೆಲವು ತಯಾರಕರು ಪೆಟ್ಟಿಗೆಯ ಮೇಲೆ ‘೨೦ ಮೈಕ್ರಾನ್’ ಎಂದು ಮುದ್ರಿಸುತ್ತಾರೆ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಮನುಷ್ಯನ ಕೂದಲಿನ ದಪ್ಪ ಸುಮಾರು ೭೦. ಆದರೆ ಆ ಸಂಖ್ಯೆಯೊಂದರಿಂದಲೇ ಏನೂ ಸಿದ್ಧವಾಗದು. ಆ ಗಾತ್ರದ ಕಣಗಳು ೧೦೦ ಬಂದರೆ ಎಷ್ಟನ್ನು ತಡೆಯುತ್ತದೆಂಬುದೇ ಮುಖ್ಯ ಪ್ರಶ್ನೆ. ೫೦ ನುಸುಳಿದರೆ ಪರೀಕ್ಷಕರು ಅದರ ಅನುಪಾತವನ್ನು ೨ ಎನ್ನುತ್ತಾರೆ. ಒಂದೇ ನುಸುಳಿದರೆ ೧೦೦ ಎನ್ನುತ್ತಾರೆ. ಎರಡೂ ‘೨೦ ಮೈಕ್ರಾನಿನ’ ಸೋಸುಗಗಳೇ! ಈ ಪರೀಕ್ಷೆಯು ಪ್ರಯೋಗಶಾಲೆಯದು. ಅಂಗಡಿಯ ಮುಂದೆ ಕಣ್ಣಿನಿಂದ ಆಗತಕ್ಕದ್ದಲ್ಲ. ಕಣ್ಣು ನೋಡಬಹುದಾದುದು ನಿರಿಗೆ, ಅಂಟು, ರಬ್ಬರು, ಅಳತೆ ಇಷ್ಟೇ. ಉಳಿದುದಕ್ಕೆ ಗಾಡಿಯ ತಯಾರಕರದನ್ನೋ, ಆ ಗಾಡಿಗೆಂದೇ ಹೆಸರಾಂತವರು ಮಾಡಿದುದನ್ನೋ ನಂಬಿಕೆಯ ಅಂಗಡಿಯಲ್ಲಿ ಕೊಳ್ಳುವುದೇ ದಾರಿ. ಹೆಸರನ್ನು ಕದ್ದ ನಕಲಿ ಸರಕು ಪೇಟೆಯಲ್ಲಿ ಉಂಟಾದುದರಿಂದ, ಬೆಲೆಯು ಅತಿಯಾಗಿ ಇಳಿದಿದ್ದರೆ ಸಂಶಯಪಡತಕ್ಕದ್ದು.

ಎಲ್ಲ ಗಾಡಿಗಳಿಗೂ ಕಾಗದದ ಸೋಸುಗವಿರುತ್ತದೆಂದು ತಿಳಿಯಬಾರದು. ಹೀರೋ ಹೋಂಡಾ ಸ್ಪ್ಲೆಂಡರಿನಂಥ ೧೦೦ ಸಿ.ಸಿ.ಯ ಗಾಡಿಗಳಲ್ಲಿ ಒಂದು ತಂತಿಯ ಜಾಲರಿಯೂ, ಗಿರ್ರನೆ ತಿರುಗುತ್ತ ಎಣ್ಣೆಯಲ್ಲಿನ ಭಾರವಾದ ಕಸವನ್ನು ಅಂಚಿಗೆ ಎಸೆಯುವ ಬಟ್ಟಲೂ ಉಂಟು. ಮೊಸರನ್ನು ಕಡೆಯುವ ಮನೆಯವರಿಗೆ ಈ ತತ್ತ್ವವು ಹೊಸದಾಗಿ ತೋರಲಾರದು. ಅಲ್ಲಿ ಬದಲಿಸತಕ್ಕದ್ದು ಏನೂ ಇಲ್ಲ, ತೊಳೆಯತಕ್ಕದ್ದುಂಟು.

ಇನ್ನು ಎಣ್ಣೆಯ ಮಾತು. ದುಬಾರಿಯ ಎಣ್ಣೆಯು ಕ್ಲಚ್ಚನ್ನು ಕೆಡಿಸಿದುದೇಕೆಂದು ಮಗನು ಕೇಳಿದನು. ಕಾರಿನಲ್ಲಿ ಯಂತ್ರಕ್ಕೊಂದು ಎಣ್ಣೆ, ಗೇರುಗಳಿಗೊಂದು ಎಣ್ಣೆ. ಸಾಮಾನ್ಯವಾಗಿ ಕ್ಲಚ್ಚು ಒಣಗಿರುತ್ತದೆ. ಇಂದಿನ ಬಹುಪಾಲು ಮೋಟಾರು ಸೈಕಲ್ಲುಗಳಲ್ಲಿಯಾದರೋ ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಯಂತ್ರಕ್ಕೆ ಜಾರಿಕೆ ಬೇಕು, ಕ್ಲಚ್ಚಿನ ಬಿಲ್ಲೆಗಳಿಗೆ ಹಿಡಿತ ಬೇಕು. ಘರ್ಷಣೆಯನ್ನು ತೀರ ಕುಗ್ಗಿಸುವ ದ್ರವ್ಯಗಳನ್ನು ಬೆರೆಸಿದ ಕಾರಿನ ಎಣ್ಣೆಯು ಕ್ಲಚ್ಚನ್ನೂ ಜಾರಿಸಿಬಿಡುತ್ತದೆ. ಇದಕ್ಕಾಗಿಯೇ ಜಪಾನಿನವರು ೧೯೯೮ರಲ್ಲಿ ‘ಜಾಸೋ’ ಎಂಬ ಪ್ರಮಾಣವನ್ನು ಗೊತ್ತುಮಾಡಿದರು. ‘ಎಂ.ಎ.’ ಎಂಬ ಗುರುತು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಗಾಡಿಗಳಿಗೆ, ‘ಎಂ.ಬಿ.’ ಎಂಬುದು ಮುಖ್ಯವಾಗಿ ಗೇರು ಬದಲಿಸುವ ಗೊಡವೆಯಿಲ್ಲದ ಸ್ಕೂಟರುಗಳಿಗೆ. ಡಬ್ಬಿಯ ಬೆನ್ನಿನ ಮೇಲೆ ಚಿಕ್ಕದಾಗಿ ಮುದ್ರಿಸಿರುವ ಈ ಎರಡಕ್ಷರಗಳು ಮುಂದಿನ ದೊಡ್ಡ ಬಣ್ಣದ ಹೆಸರಿಗಿಂತ ಹೆಚ್ಚು ಬೆಲೆಯುಳ್ಳವು.

ಇನ್ನೊಂದು ಗುರುತು ಸ್ನಿಗ್ಧತೆಯದು. ‘೧೦ ಡಬ್ಲ್ಯು ೩೦’ ಎಂದರೆ ಚಳಿಯಲ್ಲಿ ೧೦ರ ದರ್ಜೆಯಂತೆ ಹರಿದು, ಬಿಸಿಯಲ್ಲಿ ೩೦ರ ದರ್ಜೆಯ ಗಟ್ಟಿತನವನ್ನು ಉಳಿಸಿಕೊಳ್ಳುವ ಎಣ್ಣೆ. ಡಬ್ಲ್ಯು ಎಂಬುದು ಚಳಿಗಾಲದ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಮೂರನೆಯದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ. ಅಲ್ಲಿ ಎಸ್ ಎಂಬುದರ ಮುಂದಣ ಅಕ್ಷರವು ವರ್ಣಮಾಲೆಯಲ್ಲಿ ಮುಂದಾದಷ್ಟೂ ದರ್ಜೆ ಹೊಸತು: ೨೦೦೧ರಲ್ಲಿ ಎಸ್.ಎಲ್., ೨೦೧೦ರಲ್ಲಿ ಎಸ್.ಎನ್., ೨೦೨೦ರಲ್ಲಿ ಎಸ್.ಪಿ. ಈ ಮೂರರಲ್ಲಿ ತನ್ನ ಗಾಡಿಗೆ ಯಾವುದು ಸಲ್ಲುವುದೆಂಬುದನ್ನು ಗಾಡಿಯೊಡನೆ ಕೊಡುವ ಕೈಪಿಡಿಯೇ ಹೇಳುತ್ತದೆ. ಆ ಹಾಲಿನ ಮನೆಯಲ್ಲಿಯೂ ಕೈಪಿಡಿಯಿತ್ತು. ಪೆಟ್ಟಿಗೆಯಲ್ಲಿ, ಮಡಿಕೆ ಮುರಿಯದೆ, ಗಾಡಿಯ ಕಾಗದಪತ್ರಗಳೊಡನೆ ಭದ್ರವಾಗಿತ್ತು.

ಖನಿಜತೈಲವೋ ಕೃತಕತೈಲವೋ ಎಂಬ ವಾದವನ್ನು ಕೊನೆಗಾಣಿಸುವುದು ಕಷ್ಟವಲ್ಲ. ಕೃತಕತೈಲವು ಬಿಸಿಯನ್ನು ಹೆಚ್ಚು ತಾಳುತ್ತದೆ, ಚಳಿಯಲ್ಲಿ ಬೇಗ ಹರಿಯುತ್ತದೆ. ಕೈಪಿಡಿಯು ಅದನ್ನೇ ವಿಧಿಸಿದ್ದರೆ ಅದನ್ನೇ ಹಾಕಬೇಕು. ವಿಧಿಸದಿರುವಲ್ಲಿ, ಹೊತ್ತಿಗೆ ಸರಿಯಾಗಿ ಬದಲಿಸಿದ ಸಾಧಾರಣ ಎಣ್ಣೆಯು, ಮರೆತುಬಿಟ್ಟ ಅಮೂಲ್ಯ ಎಣ್ಣೆಗಿಂತ ಮೇಲು. ಎಣ್ಣೆಯು ಕಪ್ಪಾಯಿತೆಂದು ಹೆದರಬೇಕಾದುದೂ ಇಲ್ಲ; ಮಸಿಯನ್ನು ಯಂತ್ರಕ್ಕೆ ಅಂಟಗೊಡದೆ ತನ್ನಲ್ಲಿಯೇ ತೇಲಿಸಿಟ್ಟುಕೊಳ್ಳುವುದು ಅದರ ಕರ್ತವ್ಯ. ಲೆಕ್ಕವಿಡಬೇಕಾದುದು ಬಣ್ಣಕ್ಕಲ್ಲ, ಓಡಿದ ದೂರಕ್ಕೆ. ಭಾರ ಹೊರುವ, ಧೂಳಿನ ದಾರಿಯ ಗಾಡಿಗೆ ಅವಧಿಯನ್ನು ಇನ್ನೂ ಕಿರಿದಾಗಿಸಬೇಕು. ತೆಗೆದ ಎಣ್ಣೆಯನ್ನು ಮಣ್ಣಿಗೆ ಚೆಲ್ಲದೆ, ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು. ೨೦೧೬ರ ಸರಕಾರದ ನಿಯಮಗಳು ಅದನ್ನು ಅಪಾಯಕಾರಿ ತ್ಯಾಜ್ಯಗಳಲ್ಲಿ ಸೇರಿಸಿವೆ.

ಮೇಸ್ತ್ರಿಯ ಮಾತು ಮುಗಿದ ಮೇಲೆ ತಂದೆಯು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನ ಕಡೆಗೆ ತಿರುಗಿ, “ತಪ್ಪು ನಿನ್ನದಲ್ಲ, ನಾನು ನನ್ನ ಗಾಡಿಯ ಬುದ್ಧಿಯನ್ನು ನಿನ್ನ ಗಾಡಿಗೆ ಹೇಳಿದೆ” ಎಂದನು. ಹಿರಿಯರ ಬಾಯಿಂದ ಇಂತಹ ಮಾತು ಸುಲಭವಾಗಿ ಬರುವುದಿಲ್ಲ. ಹಸುವನ್ನು ಮಾರಿದಾಗ ಅಳದ ಮಗನು ಆಗ ಕಣ್ಣೊರೆಸಿಕೊಂಡನಂತೆ.

ಆ ಮನೆಯ ಕೊಟ್ಟಿಗೆಯ ಗೋಡೆಯ ಮೇಲೆ ಹಾಲಿನ ವರ್ತನೆಯ ಲೆಕ್ಕವನ್ನು ಇದ್ದಲಿನಿಂದ ಬರೆಯುವುದು ವಾಡಿಕೆ. ಈಗ ಅದರ ಪಕ್ಕದಲ್ಲಿ ಇನ್ನೊಂದು ಸಾಲುಂಟು: ಎಣ್ಣೆ ಬದಲಿಸಿದ ದಿನ, ಆ ದಿನ ಗಾಡಿಯ ಗಡಿಯಾರ ತೋರಿಸಿದ ಕಿಲೋಮೀಟರು, ಮುಂದೆ ಬದಲಿಸಬೇಕಾದ ಕಿಲೋಮೀಟರು. ಅದನ್ನು ಬರೆಯುವವನು ತಂದೆಯೇ. ಮಾರಿದ ಹಸುವು ಮರಳಿ ಬರಲಿಲ್ಲ. ಅದರ ಕರುವು ಬೆಳೆದು ಆ ಗೋಡೆಯ ಪಕ್ಕದಲ್ಲಿಯೇ ಕಟ್ಟಿಸಿಕೊಂಡಿದೆ.