ಎತ್ತದೆ ಉಳಿದ ಒಂದು ಕೈ

ಚಲನಚಿತ್ರವೆಂದರೆ ಕಾಲಹರಣದ ಸಾಧನವೆಂಬ ಭಾವನೆಯಲ್ಲಿಯೇ ನಾನು ಬೆಳೆದೆ, ಅಧ್ಯಾಪಕನೂ ಆದೆ. ಆ ಭಾವನೆಯನ್ನು ಅಳಿಸಿದ್ದು 1957ರಲ್ಲಿ ತೆರೆಕಂಡ ‘ಟ್ವೆಲ್ವ್ ಆಂಗ್ರಿ ಮೆನ್’ ಎಂಬ ಅಮೆರಿಕನ್ ಚಿತ್ರ. 1986ರಲ್ಲಿ ಬೆಂಗಳೂರಿನ ಚಿತ್ರಸಮಾಜವೊಂದರ ಪ್ರದರ್ಶನದಲ್ಲಿ ಅದನ್ನು ನೋಡಿದ ಸಂಜೆಯನ್ನು ನಾನು ಇಂದಿಗೂ ಮರೆತಿಲ್ಲ.

ಕಥೆ ಸರಳವಾದುದು. ಕೊಳೆಗೇರಿಯ ಹದಿನೆಂಟರ ಹುಡುಗನೊಬ್ಬ ತನ್ನ ತಂದೆಯನ್ನು ಇರಿದು ಕೊಂದನೆಂಬುದು ಆಪಾದನೆ. ಅವನ ಅಳಿವು ಉಳಿವುಗಳನ್ನು ನಿರ್ಣಯಿಸಲು ಹನ್ನೆರಡು ಮಂದಿ ಜ್ಯೂರಿ ಸದಸ್ಯರು ಕೊಠಡಿಯೊಂದರಲ್ಲಿ ಸೇರುತ್ತಾರೆ. ತೀರ್ಪು ಸರ್ವಾನುಮತದ್ದಾಗಿರಬೇಕು. ಮೊದಲ ಸುತ್ತಿನಲ್ಲಿಯೇ ‘ಅಪರಾಧಿ’ ಎಂದು ಹನ್ನೊಂದು ಕೈಗಳು ಮೇಲೇಳುತ್ತವೆ. ಹೆನ್ರಿ ಫಾಂಡಾ ಅಭಿನಯಿಸಿದ ಎಂಟನೆಯ ಸದಸ್ಯನೊಬ್ಬನ ಕೈ ಮಾತ್ರ ಏಳುವುದಿಲ್ಲ. ಹುಡುಗ ನಿರಪರಾಧಿಯೆಂದು ಅವನು ಹೇಳುವುದಿಲ್ಲ. ಒಂದು ಜೀವದ ಪ್ರಶ್ನೆಯನ್ನು ಇಷ್ಟು ಅವಸರದಲ್ಲಿ ಮುಗಿಸಲಾಗದು, ಸ್ವಲ್ಪ ಮಾತನಾಡೋಣ ಎನ್ನುತ್ತಾನೆ, ಅಷ್ಟೆ. ಬೇಸ್‌ಬಾಲ್ ಆಟಕ್ಕೆ ಹೊತ್ತಾಯಿತೆಂದು ಚಡಪಡಿಸುವವನೂ ಅದೇ ಮೇಜಿನ ಮುಂದಿದ್ದಾನೆ.

ರೆಜಿನಾಲ್ಡ್ ರೋಸ್ ತಾವೇ ಜ್ಯೂರಿಯಲ್ಲಿ ಕುಳಿತ ಅನುಭವದಿಂದ ಇದನ್ನು ಮೊದಲು ದೂರದರ್ಶನ ನಾಟಕವಾಗಿ ಬರೆದರು. ಅದು ಪ್ರಸಾರವಾದುದು 1954ರಲ್ಲಿ. ಸಂಶಯವನ್ನೇ ಸಾಕ್ಷ್ಯವೆಂದು ಬಗೆದು ಅನೇಕರ ಬಾಳನ್ನು ಕೆಡಿಸಿದ ಸೆನೆಟರ್ ಮೆಕಾರ್ಥಿಯವರನ್ನು ಅಮೆರಿಕದ ಸೆನೆಟ್ ಖಂಡಿಸಿದ್ದೂ ಅದೇ ವರ್ಷ. ಚಿತ್ರದ ನಿರ್ದೇಶಕ ಸಿಡ್ನಿ ಲ್ಯುಮೆಟ್ ಅವರಿಗೆ ಇದು ಮೊದಲ ಚಿತ್ರ. ವಾದ ಬಿಗಿಯಾದಂತೆ ಅವರು ಕ್ಯಾಮೆರಾವನ್ನು ಮೇಲಿನಿಂದ ಕ್ರಮೇಣ ಕೆಳಗಿಳಿಸಿದರು. ಕೊನೆಗೆ ಕೊಠಡಿಯ ಛಾವಣಿಯೇ ತಲೆಯ ಮೇಲೆ ಕವಿದಂತೆ ತೋರುತ್ತದೆ.

ಬರ್ಲಿನ್ ಉತ್ಸವದಲ್ಲಿ ಸ್ವರ್ಣ ಕರಡಿ ಪ್ರಶಸ್ತಿ ದೊರೆತರೂ ಚಿತ್ರಮಂದಿರಗಳಲ್ಲಿ ಇದು ಹಣ ಗಳಿಸಲಿಲ್ಲ. ಮೂರು ಆಸ್ಕರ್‌ಗಳಿಗೆ ನಾಮಕರಣಗೊಂಡು ಒಂದನ್ನೂ ಪಡೆಯಲಿಲ್ಲ. ಆದರೆ ಕಾಲವು ಬೇರೆ ತೀರ್ಪನ್ನಿತ್ತಿತು. ಕಾನೂನು ತರಗತಿಗಳಲ್ಲಿ ಇದು ಪಾಠವಾಯಿತು. 2007ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಇದನ್ನು ಸೇರಿಸಿತು. ಆ ಕೊಠಡಿಯಲ್ಲಿ ಒಬ್ಬ ಹೆಂಗಸೂ ಇಲ್ಲ, ಒಬ್ಬ ಕರಿಯನೂ ಇಲ್ಲ. ಅದು ಆ ಕಾಲದ ಮಿತಿ. ಆದರೂ ಪೂರ್ವಗ್ರಹದ ಮುಖಗಳನ್ನು ಅದು ಮರೆಮಾಚಲಿಲ್ಲ.

ಆ ಸಂಜೆ ನನ್ನನ್ನು ಕಲಕಿದ್ದಕ್ಕೆ ಬೇರೊಂದು ಕಾರಣವಿತ್ತು. ಅದಕ್ಕೆ ಎರಡು ವರ್ಷ ಮೊದಲು, ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯ ವಿದ್ಯಾರ್ಥಿನಿಲಯದಲ್ಲಿ ಒಂದು ಕೈಗಡಿಯಾರ ಕಾಣೆಯಾಯಿತು. ಬಡ ಹುಡುಗನೊಬ್ಬನ ಮೇಲೆ ಸಂಶಯ ಬಂತು. ನಾವು ಆರು ಮಂದಿ ಅಧ್ಯಾಪಕರು ಸಭೆ ಸೇರಿ, ಊಟದ ಗಂಟೆಗೆ ಮೊದಲೇ ಕೈ ಎತ್ತಿ ಮುಗಿಸಿದೆವು. ಮರುದಿನ ವರ್ಗಾವಣೆ ಪತ್ರ ಹಿಡಿದು ಅವನು ತಂದೆಯ ಹಿಂದೆ ಗೇಟು ದಾಟಿದನು. ಗಡಿಯಾರ ಕೊನೆಗೂ ಸಿಗಲಿಲ್ಲ. ಅವನು ಕದ್ದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಕೊಲೆ ಮಾಡಿದವರು ಯಾರೆಂಬುದನ್ನು ಆ ಚಿತ್ರವೂ ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದಿರಾ ಎಂದಷ್ಟೇ ಅದು ವಿಚಾರಿಸುತ್ತದೆ. ನಾವು ಕೇಳಿರಲಿಲ್ಲ. ಅಂದು ಎತ್ತಿದ ಆರು ಕೈಗಳಲ್ಲಿ ನನ್ನದೂ ಒಂದಾಗಿತ್ತು. ಅನಂತರದ ವರ್ಷಗಳಲ್ಲಿ ಇಂತಹ ಸಭೆಗಳು ಬಂದಾಗಲೆಲ್ಲ ‘ಹುಡುಗನನ್ನು ಒಮ್ಮೆ ಒಳಗೆ ಕರೆಯೋಣ’ ಎಂದು ಹೇಳುತ್ತ ಬಂದೆ. ಸಹೋದ್ಯೋಗಿಗಳಿಗೆ ಕೆಲವೊಮ್ಮೆ ಊಟಕ್ಕೆ ತಡವಾಯಿತು. ಆ ತಡಕ್ಕಾಗಿ ನಾನು ಎಂದೂ ವ್ಯಥೆಪಟ್ಟಿಲ್ಲ.