ಇಕ್ಕೇರಿ ವರಹದ ಒರೆ

ನಮ್ಮ ಅಜ್ಜಿಯವರ ಬಳಿ ಒಂದು ಇಕ್ಕೇರಿ ವರಹವಿತ್ತು. ಸಾಗರ ಸೀಮೆಯ ಮನೆಯ ದೇವರ ಜಗುಲಿಯಲ್ಲಿ, ಬೆಳ್ಳಿಯ ಭರಣಿಯೊಳಗೆ ಅದರ ವಾಸ. ಹಬ್ಬದ ದಿನ ಮಾತ್ರ ಹೊರಬಂದು ಪೂಜೆಗೊಳ್ಳುತ್ತಿತ್ತು. ನಮ್ಮನ್ನು ಕಾಲೇಜಿಗೆ ಸೇರಿಸಿದ ವರ್ಷ ಅಜ್ಜಿಯವರು ಯಾರಿಗೂ ಹೇಳದೆ ಅದನ್ನು ಮಾರಿದರು. ಆ ವಿದ್ಯೆಯ ಬಲದಿಂದಲೇ ನಾವು ಶಿಕ್ಷಕರಾಗಿ, ಘಟ್ಟವಿಳಿದು ಹೊನ್ನಾವರ ತಾಲ್ಲೂಕಿಗೆ ಬಂದು, ನಿವೃತ್ತಿಯ ಅನಂತರ ಕರ್ಕಿಯಲ್ಲಿಯೇ ನೆಲೆಸಿದೆವು. ಅನ್ನವಿತ್ತ ಆ ವರಹವನ್ನು ಮನೆಗೆ ಮರಳಿ ತರಬೇಕೆಂಬುದು ನಮ್ಮ ಬಹುದಿನದ ಹಂಬಲವಾಗಿತ್ತು. ಆ ಹಂಬಲವೇ ಕಣ್ಣಿಗೆ ಪೊರೆಯಾದ ಸಂಗತಿಯನ್ನು ವಾಚಕ ಬಂಧುಗಳಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

೨೦೨೩ರಲ್ಲಿ ಜಾತ್ರೆಯೊಂದಕ್ಕೆ ಹೋದಾಗ ಹಳೆಯ ನಾಣ್ಯಗಳನ್ನು ಹರವಿಕೊಂಡು ಕುಳಿತವನೊಬ್ಬ ಎರಡು ವರಹಗಳನ್ನು ತೋರಿಸಿದ. ಒಂದು ಮಗ್ಗುಲಲ್ಲಿ ಕುಳಿತ ಶಿವಪಾರ್ವತಿಯರು, ಇನ್ನೊಂದು ಮಗ್ಗುಲಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಸದಾಶಿವ. ಕೆಳದಿಯ ನಾಯಕರ ನಾಣ್ಯದ ಲಕ್ಷಣ ಅದೇ. ಮನೆಯ ಪಾಯ ತೋಡುವಾಗ ಸಿಕ್ಕಿದ್ದೆಂದು ಆತ ಪಿಸುಗುಟ್ಟಿದ. ೧೫,೦೦೦ ರೂಪಾಯಿ ಕೊಟ್ಟು, ರಸೀದಿಯನ್ನೂ ಕೇಳದೆ, ಒಂದನ್ನು ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ತಂದೆವು.

ಅದಕ್ಕೊಂದು ಪದಕದ ಕಟ್ಟು ಮಾಡಿಸಲು ನಮ್ಮೂರಿನ ಅಕ್ಕಸಾಲಿಗಳಲ್ಲಿಗೆ ಹೋದೆವು. ವಂಶಪಾರಂಪರ್ಯದಿಂದ ಚಿನ್ನದ ಕೆಲಸ ಮಾಡಿಕೊಂಡು ಬಂದ ಹಿರಿಯರು ಅವರು. ವರಹವನ್ನು ಅಂಗೈಯಲ್ಲಿಟ್ಟುಕೊಂಡು, "ಮಾಸ್ತರೇ, ಎಷ್ಟು ಕೊಟ್ಟಿರಿ?" ಎಂದರು. ಹೇಳಿದೆವು. "ವರಹದ ತೂಕ ಸುಮಾರು ೩.೪ ಗ್ರಾಂ. ಇವತ್ತಿನ ದರದಲ್ಲಿ ಬರೀ ಬಂಗಾರಕ್ಕೇ ಅದಕ್ಕಿಂತ ಹೆಚ್ಚಾಗುತ್ತದಲ್ಲ! ಕರಗಿಸಿದರೆ ಬರುವ ಹಣಕ್ಕಿಂತ ಕಡಿಮೆಗೆ ಯಾರಾದರೂ ಮಾರುತ್ತಾರೆಯೇ?" ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ನಮಗೆ ಈ ಲೆಕ್ಕ ಹೊಳೆದಿರಲಿಲ್ಲ.

ಬಳಿಕ ಅವರು ಅದನ್ನು ತೂಗಿದರು. ತೂಕ ಹೆಚ್ಚುಕಡಿಮೆ ಸರಿಯಿತ್ತು. ನೂಲಿನಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿದರು. ಚಿನ್ನದ ವರಹವಾದರೆ ನೀರಿನಲ್ಲಿ ಸುಮಾರು ೦.೨ ಗ್ರಾಂ ಹಗುರವಾಗಬೇಕು. ನಮ್ಮದು ಅದರ ಇಮ್ಮಡಿಯಷ್ಟು ಹಗುರವಾಯಿತು. ತಾಮ್ರದ ಮೈಗೆ ಚಿನ್ನದ ನೀರು ಕುಡಿಸಿ, ತೂಕ ಸರಿದೂಗಲೆಂದು ದಪ್ಪ ಮಾಡಿದ್ದರು. ಆಗ ನಮಗೆ ಇನ್ನೊಂದು ನೆನಪಾಯಿತು: ಅಂದು ಕಂಡ ಎರಡೂ ವರಹಗಳಲ್ಲಿ ಅಕ್ಷರವೊಂದು ಒಂದೇ ಕಡೆ ಮುಕ್ಕಾಗಿತ್ತು. ಹಿಂದೆ ನಾಣ್ಯಗಳನ್ನು ಕೈಯಿಂದ ಒಂದೊಂದಾಗಿ ಅಚ್ಚೊತ್ತುತ್ತಿದ್ದರಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ. ಗೆರೆ, ಮುಕ್ಕು, ಸವಕಳಿಗಳು ಸಹ ಒಂದೇ ಆಗಿದ್ದರೆ ಅವು ಒಂದೇ ಎರಕದ ಮಕ್ಕಳು.

ಠಾಣೆಗೆ ದೂರಿತ್ತೆವು, ಮಾರಿದವನ ಹೆಸರೂ ನಮಗೆ ತಿಳಿದಿರಲಿಲ್ಲ. ಬಂಧುಗಳೊಬ್ಬರು, "ಗೋಕರ್ಣಕ್ಕೆ ಬರುವ ಯಾತ್ರಿಕರಿಗೆ ದಾಟಿಸಿಬಿಡಿ, ಹಣವಾದರೂ ಬರುತ್ತದೆ" ಎಂದರು. ಮುಚ್ಚಿಡುವುದೇಕೆ, ಒಂದು ರಾತ್ರಿ ನಾವೂ ಆ ವಿಚಾರ ಮಾಡಿದೆವು. ಬೆಳಗ್ಗೆ ನಮ್ಮ ಮನೆಯವರು ಹೇಳಿದ ಮಾತು ಒಂದೇ: "ಮಾರುವುದಾದರೆ ಅಜ್ಜಿಯವರ ಹೆಸರು ಹೇಳಿಯೇ ಮಾರಬೇಕಲ್ಲವೇ?" ನಾವು ತಲೆ ತಗ್ಗಿಸಿದೆವು. ಮೋಸ ಹೋಗುವುದು ಅವಿವೇಕ. ಅದನ್ನು ದಾಟಿಸುವುದು ಕಳ್ಳತನ. ಅಂದೇ ಅಕ್ಕಸಾಲಿಗಳಿಂದ ಆ ಬಿಲ್ಲೆಯ ನಡುವೆ ತೂತು ಕೊರೆಸಿದೆವು, ಇನ್ನಾರ ಕೈಯಲ್ಲೂ ಅದು ವರಹವೆನಿಸಬಾರದೆಂದು.

ಅಂದಿನಿಂದ ತಿಳಿದುಕೊಂಡ ಕೆಲವು ಮಾತುಗಳು: ಶಿವಪಾರ್ವತಿಯರಿದ್ದ ಮಾತ್ರಕ್ಕೆ ಅದು ಇಕ್ಕೇರಿ ವರಹವಲ್ಲ. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ಅದೇ ಚಿತ್ರವನ್ನು ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಪಾರಸಿ ಮೊದಲಕ್ಷರವನ್ನು ಒತ್ತಿಸಿದನು. ಆದ್ದರಿಂದ ಎರಡೂ ಮಗ್ಗುಲು ನೋಡಬೇಕು. ರಾಮ, ಹನುಮಂತರ ಚಿತ್ರವಿದ್ದು ಈಸ್ಟ್ ಇಂಡಿಯಾ ಕಂಪನಿಯ ಹೆಸರು, ೧೮೧೮ರ ಇಸವಿ ಹೊತ್ತ ತಾಮ್ರದ ಬಿಲ್ಲೆಗಳು ಕಂಪನಿಯ ನಾಣ್ಯಗಳೇ ಅಲ್ಲ; ಅವುಗಳಿಗೆ ಪವಾಡ ಕಟ್ಟಿ ಲಕ್ಷಗಟ್ಟಲೆ ಕೇಳುವವರನ್ನು ನಂಬಬಾರದು. ಹಳೆಯ ನಾಣ್ಯದ ವ್ಯವಹಾರದಲ್ಲಿ ತನ್ನ ಹೆಸರು ಹೇಳಿ ಶುಲ್ಕ ಕೇಳುವವರ ಬಗೆಗೆ ರಿಜರ್ವ್ ಬ್ಯಾಂಕೇ ೨೦೨೧ರಲ್ಲಿ ಎಚ್ಚರಿಸಿದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾಯ್ದೆ. "ಪಾಯದಲ್ಲಿ ಸಿಕ್ಕಿತು" ಎಂಬ ಪಿಸುಮಾತು ಸುಳ್ಳಾದರೆ ವಂಚನೆ, ನಿಜವಾದರೆ ಅಪರಾಧ. ಕೊಳ್ಳುವುದಾದರೆ ನೆಲೆಯುಳ್ಳ ವ್ಯಾಪಾರಿಯಲ್ಲಿ, ನಾಣ್ಯದ ಹೆಸರು, ಲೋಹ, ತೂಕ ಬರೆದ ರಸೀದಿಯೊಂದಿಗೆ, ನಕಲಿಯಾದರೆ ಹಿಂದಕ್ಕೆ ಪಡೆಯುವ ಕರಾರಿನೊಂದಿಗೆ ಕೊಳ್ಳಬೇಕು.

ಹುಟ್ಟುಹಬ್ಬದಂದು ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆವು. ಅಜ್ಜಿಯವರ ಭರಣಿಯಲ್ಲಿ ಉಳಿದಿದ್ದ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯೊಂದನ್ನು ಅವಳ ಕೈಗಿತ್ತೆವು. ಅಚ್ಚಾದಾಗ ಅದರ ತೂಕ ೧೧.೬೬ ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಅಕ್ಕಸಾಲಿಗಳ ತಕ್ಕಡಿಯಲ್ಲಿ ಅವಳೇ ತೂಗಿದಳು. ತುಸು ಕಡಿಮೆ ಬಂತು. "ಇದೂ ಸುಳ್ಳೇ, ಅಜ್ಜಾ?" ಎಂದು ಗಾಬರಿಯಾದಳು. ಅಕ್ಕಸಾಲಿಗಳು ನಕ್ಕು, "ಇಲ್ಲ ಮಗಾ, ಕೈಯಿಂದ ಕೈಗೆ ಹೋಗಿ ಸವೆದಿದೆ ಅಷ್ಟೇ" ಎಂದರು.

ತೂತಾದ ಬಿಲ್ಲೆಯೂ ಅದೇ ಭರಣಿಯಲ್ಲಿದೆ. ಪಕ್ಕದ ಚೀಟಿಯಲ್ಲಿ "ನಕಲಿ" ಎಂದು ನಮ್ಮ ಕೈಬರಹದಲ್ಲಿಯೇ ಬರೆದಿರಿಸಿದ್ದೇವೆ.