ಎರಡು ಕತ್ತಿ, ಒಂದೇ ತೂಕ

ಕ್ಲೇಮೋರ್ ಕತ್ತಿಯ ತೂಕ 9. ಬ್ಯಾಸ್ಟರ್ಡ್ ಸೋರ್ಡ್‌ನ ತೂಕವೂ 9. ಹೊಸದಾಗಿ ಕೈಗೆ ಸಿಕ್ಕಾಗ ಏಟಿನ ಬಲ ಅದಕ್ಕೂ 138, ಇದಕ್ಕೂ 138. ಬೀಸೋಕೆ ಬೇಕಾದ ಶಕ್ತಿ ಎರಡಕ್ಕೂ 16. ಹಾಗಾದ್ರೆ ಯಾವುದನ್ನ ಇಟ್ಕೊಳ್ಳೋದು?

ಎಲ್ಡನ್ ರಿಂಗ್ ಆಡಿದವರಿಗೆ ಈ ತಲೆನೋವು ಗೊತ್ತಿರುತ್ತೆ. ಆಡದವರಿಗಾಗಿ ನಾಲ್ಕು ಸಾಲು. ಇದು ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ 2022ರ ಫೆಬ್ರವರಿಯಲ್ಲಿ ಹೊರತಂದ ಗೇಮ್. ನಿರ್ದೇಶಕರು ಹಿಡೆತಾಕ ಮಿಯಾಝಾಕಿ. ಆ ಲೋಕದ ಪುರಾಣ ಕಟ್ಟಿಕೊಟ್ಟವರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಖ್ಯಾತಿಯ ಜಾರ್ಜ್ ಆರ್. ಆರ್. ಮಾರ್ಟಿನ್ ಕೂಡ ಒಬ್ಬರು. ಆಟದಲ್ಲಿ ನೀವು ಸಾಯ್ತೀರಿ, ಮತ್ತೆ ಏಳ್ತೀರಿ, ಮತ್ತೆ ಸಾಯ್ತೀರಿ. ಹಾಗಾಗಿ ಕೈಯಲ್ಲಿ ಯಾವ ಆಯುಧ ಇದೆ ಅನ್ನೋದು ಸಣ್ಣ ವಿಷಯ ಅಲ್ಲ.

ಈ ಎರಡು ಕತ್ತಿಗಳ ಜೋಡಿ ಎಲ್ಡನ್ ರಿಂಗ್‌ಗಿಂತ ಹಳೇದು. ಇದೇ ಕಂಪನಿಯ 2011ರ ಡಾರ್ಕ್ ಸೋಲ್ಸ್‌ನಲ್ಲೂ ಇವೆರಡೂ ಇದ್ದವು. ಕ್ಲೇಮೋರ್ ಅನ್ನೋದು ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಯ ಮಾತು. ಅರ್ಥ ಸರಳ, ‘ದೊಡ್ಡ ಕತ್ತಿ’. ಇನ್ನೊಂದರ ಹೆಸರು ಅಮ್ಮನ ಮುಂದೆ ಜೋರಾಗಿ ಹೇಳೋ ಹಾಗಿಲ್ಲ. ಪಾಪ, ಅದರಲ್ಲಿ ಕತ್ತಿಯ ತಪ್ಪೇನೂ ಇಲ್ಲ. ಒಂದು ಕೈಯ ಕತ್ತಿಯ ಜಾತಿಗೂ ಸೇರದ, ಎರಡು ಕೈಯ ಕತ್ತಿಯ ಜಾತಿಗೂ ಸೇರದ ಕತ್ತಿ ಅದು.

ಪರದೆ ಮೇಲೆ ಎದ್ದು ಕಾಣುವ ವ್ಯತ್ಯಾಸ ಒಂದೇ. ಕ್ಲೇಮೋರ್‌ಗೆ ಕೈಚಳಕ, ಅಂದ್ರೆ ಡೆಕ್ಸ್‌ಟೆರಿಟಿ, 13 ಬೇಕು. ಬ್ಯಾಸ್ಟರ್ಡ್‌ಗೆ 10 ಸಾಕು. ಈ ಮೂರು ಅಂಕಿ ದೊಡ್ಡದೋ ಚಿಕ್ಕದೋ ಅನ್ನೋದು ನೀವು ಎಲ್ಲಿಂದ ಶುರು ಮಾಡಿದ್ರಿ ಅನ್ನೋದರ ಮೇಲಿದೆ. ವ್ಯಾಗಬಾಂಡ್ ಆಗಿ ಆಟ ಶುರು ಮಾಡಿದವರ ಕೈಚಳಕ ಮೊದಲ ದಿನವೇ 13. ಅವರಿಗೆ ಎರಡು ಕತ್ತಿಯೂ ಒಂದೇ. ಹೀರೋ ಆಗಿ ಶುರು ಮಾಡಿದವರಿಗೆ ಶಕ್ತಿ 16 ಇರುತ್ತೆ, ಕೈಚಳಕ ಬರೀ 9. ಬ್ಯಾಸ್ಟರ್ಡ್ ಹಿಡಿಯೋಕೆ ಅವರು ಒಂದು ಮೆಟ್ಟಿಲು ಹತ್ತಿದರೆ ಸಾಕು, ಕ್ಲೇಮೋರ್ ಹಿಡಿಯೋಕೆ ನಾಲ್ಕು ಹತ್ತಬೇಕು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಹೋಲುವ ಎರಡು ವಸ್ತು ಕಣ್ಣಿಗೆ ಬಿದ್ರೆ ಕೈ ತಾನಾಗಿ ಎಕ್ಸೆಲ್ ತೆರೆಯುತ್ತೆ. ತೂಕಕ್ಕೊಂದು ಕಾಲಂ, ಏಟಿಗೊಂದು, ಬೇಡುವ ಶಕ್ತಿಗೊಂದು, ಹಂತ ಏರಿಸೋ ಖರ್ಚಿಗೊಂದು. ಎಲ್ಲ ತುಂಬಿಸಿದ ಮೇಲೆ ಶೀಟ್ ಹೇಳಿದ್ದು ಇಷ್ಟೇ: ಎರಡೂ ಒಂದೇ, ನಿನಗೆ ಬಿಟ್ಟಿದ್ದು.

ಶೀಟ್‌ನಲ್ಲಿ ಇಲ್ಲದ ವಿಷಯವೇ ಈ ಕತ್ತಿಗಳನ್ನ ಬೇರೆ ಮಾಡೋದು. ಅದು ಚಲನೆ. ಬಟನ್ ಒತ್ತಿದಾಗ ಕತ್ತಿ ಗಾಳಿಯಲ್ಲಿ ಯಾವ ಗೆರೆ ಎಳೆಯುತ್ತೆ ಅನ್ನೋದು. ಕ್ಲೇಮೋರ್‌ನ ಭಾರಿ ಏಟು ಚುಚ್ಚುವ ಏಟು; ನೇರವಾಗಿ ಮುಂದಕ್ಕೆ ನುಗ್ಗುತ್ತೆ. ಬ್ಯಾಸ್ಟರ್ಡ್‌ನದು ಬೀಸಿ ಕಡಿಯುವ ಏಟು.

ಬಯಲಲ್ಲಿ ನಾಲ್ಕು ತೋಳಗಳು ಸುತ್ತುವರಿದಾಗ ಬೀಸುವ ಕತ್ತಿ ದೇವರು ಕೊಟ್ಟ ವರ. ಇಕ್ಕಟ್ಟಾದ ನೆಲಮಾಳಿಗೆಯ ಓಣಿಯಲ್ಲಿ ಅದೇ ಬೀಸು ಗೋಡೆಗೆ ಟಣ್ ಅಂತ ಬಡಿದು ವಾಪಸ್ ಬರುತ್ತೆ, ಅಷ್ಟರಲ್ಲಿ ಎದುರಿನ ಅಸ್ಥಿಪಂಜರ ತನ್ನ ಕೆಲಸ ಮುಗಿಸಿರುತ್ತೆ. ಚುಚ್ಚುವ ಕತ್ತಿಗೆ ಗೋಡೆಯ ಭಯ ಕಡಿಮೆ. ಶತ್ರು ನಿಮಗೆ ಹೊಡೆಯೋಕೆ ಕೈ ಎತ್ತಿದ ಕ್ಷಣದಲ್ಲೇ ಚುಚ್ಚಿದರೆ ಮಾಮೂಲಿಗಿಂತ ಹೆಚ್ಚು ಗಾಯ ಆಗುತ್ತೆ. ಆದರೆ ಗುರಿ ಒಂದು ಗೇಣು ಆಚೀಚೆ ಆದರೂ ಕತ್ತಿ ಗಾಳಿಗೆ ಹೋಯ್ತು. ಇನ್ನು ಗಣಿಗಳಲ್ಲಿ ಕಲ್ಲಿನ ಮೈಯ ಕೆಲಸಗಾರರು ಸಿಗ್ತಾರೆ; ಅವರ ಮುಂದೆ ಎರಡು ಕತ್ತಿಯೂ ಮಂಕು, ಅಲ್ಲಿ ಸುತ್ತಿಗೆಯೇ ಬೇಕು.

ಗಣಿಯ ಮಾತು ಬಂದಿದ್ದಕ್ಕೆ ಕಾರಣ ಇದೆ. ಕತ್ತಿಯ ಹಂತ ಏರಿಸುವ ಸ್ಮಿತಿಂಗ್ ಸ್ಟೋನ್‌ಗಳು ಹೆಚ್ಚಾಗಿ ಸಿಗೋದು ಅಲ್ಲೇ. ಮೊದಲ ಹಂತಕ್ಕೆ 2 ಕಲ್ಲು, ಎರಡನೆಯದಕ್ಕೆ 4, ಮೂರನೆಯದಕ್ಕೆ 6. ಒಟ್ಟು 12. ಆಮೇಲೆ ಇನ್ನೂ ಮೇಲಿನ ದರ್ಜೆಯ ಕಲ್ಲು, ಮತ್ತೆ ಅದೇ 2, 4, 6. ಹೀಗೆ ಎಂಟು ದರ್ಜೆ ದಾಟಿ, ಕೊನೆಗೆ 25ನೇ ಹಂತಕ್ಕೆ ಪುರಾತನ ಡ್ರ್ಯಾಗನ್‌ನ ಒಂದು ಕಲ್ಲು. ಲೆಕ್ಕ ಹಾಕಿದರೆ ಒಂದು ಕತ್ತಿಗೆ 97 ಕಲ್ಲು. ಆಟದ ಆರಂಭದಲ್ಲಿ ಹನ್ನೆರಡು ಕಲ್ಲು ಕೂಡಿಸೋದೇ ಒಂದು ಸಾಹಸ, ಹಾಗಾಗಿ ಆಗ ಎರಡೂ ಕತ್ತಿಯನ್ನ ಸಾಕೋಕೆ ಆಗಲ್ಲ. ಮುಂದೆ ಗಣಿ ಕೆಲಸಗಾರರ ಗಂಟೆ ಸಿಕ್ಕಿದ ಮೇಲೆ ಸಣ್ಣ ದರ್ಜೆಯ ಕಲ್ಲುಗಳು ಅಂಗಡಿಯಲ್ಲೇ ಬೇಕಾದಷ್ಟು ಸಿಗುತ್ತವೆ. ಆದರೆ ಅಷ್ಟು ಹೊತ್ತಿಗೆ ನಿಮ್ಮ ಹೆಬ್ಬೆರಳು ಒಂದು ಕತ್ತಿಯ ಲಯ ಕಲಿತಿರುತ್ತೆ. ಕಲ್ಲು ಅಗ್ಗವಾದ ಮೇಲೂ ಕತ್ತಿ ಬದಲಾಯಿಸೋಕೆ ಮನಸ್ಸು ಬರಲ್ಲ.

ಈ ಎಲ್ಲ ಚರ್ಚೆ ನನಗೂ ನನ್ನ ತಮ್ಮನಿಗೂ ನಡೆದಿದ್ದು ಕಳೆದ ವರ್ಷ. ಅವನು ಕೆಲಸ ಮಾಡ್ತಿದ್ದ ಕಂಪನಿ ಒಂದು ಬೆಳಿಗ್ಗೆ ಅವನ ಇಡೀ ಟೀಮನ್ನೇ ಮನೆಗೆ ಕಳಿಸಿತು. ಅವನು ಪಿಜಿ ಖಾಲಿ ಮಾಡಿ ಹಾಸನದ ಮನೆಗೆ ಹೋದ. ನಾಲ್ಕು ತಿಂಗಳು ಅಲ್ಲೇ. ಹಗಲೆಲ್ಲ ಅರ್ಜಿ, ಇಂಟರ್‌ವ್ಯೂ, ‘ನಾವೇ ತಿಳಿಸ್ತೀವಿ’ ಅನ್ನೋ ಮೇಲ್‌ಗಳು. ಫೋನ್ ಮಾಡಿದ್ರೆ ‘ಹೂಂ’, ‘ಇಲ್ಲ’, ‘ನೋಡ್ಬೇಕು’ ಬಿಟ್ಟು ನಾಲ್ಕನೇ ಮಾತಿಲ್ಲ. ಹಾಗಾಗಿ ನಾನು ಫೋನ್ ಬಿಟ್ಟು ಗೇಮ್‌ಗೆ ಕರೆದೆ. ರಾತ್ರಿ ಹತ್ತೂವರೆಯಿಂದ ಹನ್ನೆರಡರವರೆಗೆ ಬೆಂಗಳೂರಿಂದ ನಾನು, ಹಾಸನದಿಂದ ಅವನು. ಈ ಆಟದಲ್ಲಿ ಒಬ್ಬರ ಲೋಕಕ್ಕೆ ಇನ್ನೊಬ್ಬರು ಹೋಗಿ ಜೊತೆಗೆ ಹೋರಾಡಬಹುದು. ಅವನು ಹೀರೋ ಆಗಿ ಶುರು ಮಾಡಿದವನು, ಬ್ಯಾಸ್ಟರ್ಡ್ ಹಿಡಿದ. ನಾನು ವ್ಯಾಗಬಾಂಡ್, ಮೋರ್ನ್ ಕೋಟೆಯ ಪೆಟ್ಟಿಗೆಯಿಂದ ಕ್ಲೇಮೋರ್ ತಂದಿದ್ದೆ. ಅವನು ಬೀಸಿ ಗುಂಪನ್ನ ಚದುರಿಸ್ತಿದ್ದ, ನಾನು ಉಳಿದ ಒಬ್ಬನನ್ನ ಚುಚ್ತಿದ್ದೆ. ಸ್ಟಾರ್ಮ್‌ವೇಲ್ ಕೋಟೆಯ ದಾರಿಗೆ ಅಡ್ಡ ನಿಂತ ಮಾರ್ಗಿಟ್ ಬಿದ್ದ ರಾತ್ರಿ ಅವನು ಎಷ್ಟೋ ವಾರಗಳ ಮೇಲೆ ಜೋರಾಗಿ ನಕ್ಕಿದ್ದು ಹೆಡ್‌ಫೋನಿನಲ್ಲಿ ಕೇಳಿಸ್ತು.

ಐದನೇ ತಿಂಗಳು ಒಂದೇ ವಾರದಲ್ಲಿ ಎರಡು ಆಫರ್ ಬಂತು. ಸಿಟಿಸಿಯಲ್ಲಿ ವರ್ಷಕ್ಕೆ ನಲವತ್ತು ಸಾವಿರದ ವ್ಯತ್ಯಾಸ, ಅಷ್ಟೆ. ಹುದ್ದೆಯ ಹೆಸರು ಒಂದೇ. ಒಂದು ಬೆಂಗಳೂರಿನ ಆಫೀಸಿಗೆ ಹೋಗುವ ಕೆಲಸ, ತಿಂಗಳಿಗೊಂದು ವಾರ ಆನ್-ಕಾಲ್. ಇನ್ನೊಂದು ಪೂರ್ತಿ ಮನೆಯಿಂದ, ಮೂರೇ ಜನರ ಟೀಮು.

“ಅಕ್ಕಾ, ಶೀಟ್ ಮಾಡಿ ಕಳಿಸಿದೀನಿ. ಯಾವುದು ಬೆಟರ್ ಹೇಳು,” ಅಂದ.

ಶೀಟ್ ತೆರೆದೆ. ಕಾಲಂಗಳೆಲ್ಲ ಚೆನ್ನಾಗಿದ್ದವು. ಎರಡು ಸಾಲೂ ಹೆಚ್ಚುಕಡಿಮೆ ಒಂದೇ ಇದ್ದವು.

“ಇದರಲ್ಲಿ ತೂಕ ಇದೆ, ಏಟಿನ ಬಲ ಇದೆ. ಬೀಸೋದು ಹೆಂಗೆ ಅಂತ ಇಲ್ವಲ್ಲೋ,” ಅಂದೆ.

ಅವನಿಗೆ ತಕ್ಷಣ ಅರ್ಥ ಆಯ್ತು. ಎರಡೂ ಕಡೆ ಇಂಟರ್‌ವ್ಯೂ ಮಾಡಿದ್ದವರಿಗೆ ಮೇಲ್ ಬರೆದು ಒಂದೇ ಪ್ರಶ್ನೆ ಕೇಳಿದ: ಸೇರಿದ ಎರಡನೇ ತಿಂಗಳಲ್ಲಿ ಒಂದು ಮಾಮೂಲಿ ಮಂಗಳವಾರ ನಾನು ಏನು ಮಾಡ್ತಿರ್ತೀನಿ? ಮನೆಯಿಂದ ಕೆಲಸದ ಕಂಪನಿ ಉತ್ತರಿಸಿತು: ಬೆಳಿಗ್ಗೆ ಹದಿನೈದು ನಿಮಿಷದ ಮಾತು, ಆಮೇಲೆ ದಿನವಿಡೀ ನಿಮ್ಮ ಪಾಡಿಗೆ ನೀವು. ಬೆಂಗಳೂರಿನವರು ಬರೆದರು: ಮೊದಲ ಮೂರು ತಿಂಗಳು ಒಬ್ಬ ಸೀನಿಯರ್ ಪಕ್ಕದಲ್ಲಿ ಕೂತು ಕೆಲಸ, ಆನ್-ಕಾಲ್ ಸರದಿಯಲ್ಲೂ ಇಬ್ಬರು.

ಬೇರೆ ಯಾರಿಗಾದರೂ ಮೊದಲನೆಯದೇ ವರ. ಬೆಂಗಳೂರಿನ ಬಾಡಿಗೆ ಇಲ್ಲ, ಟ್ರಾಫಿಕ್ ಇಲ್ಲ, ಅಮ್ಮನ ಕೈ ಊಟ. ಅಮ್ಮನ ಆಸೆಯೂ ಅದೇ ಆಗಿತ್ತು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಆದರೆ ನಾಲ್ಕು ತಿಂಗಳು ಒಂದೇ ಕೋಣೆಯಲ್ಲಿ ಒಬ್ಬನೇ ಕೂತವನಿಗೆ ಇನ್ನೊಂದು ವರ್ಷ ಅದೇ ಕೋಣೆ, ಅದೇ ಕುರ್ಚಿ ಅನ್ನೋದು ಬೇರೆ ಲೆಕ್ಕ. ಎರಡು ದಿನ ಬಿಟ್ಟು ಫೋನ್ ಮಾಡಿ ಹೇಳಿದ: “ನನಗೆ ಈಗ ಪಕ್ಕದಲ್ಲಿ ಜನ ಬೇಕು ಕಣೇ.” ಈ ಮಾತಿಗೆ ಅವನ ಶೀಟಿನಲ್ಲಿ ಕಾಲಂ ಇರಲಿಲ್ಲ. ಹೊರಡುವ ದಿನ ಅಮ್ಮ ಅವನ ಐದು ಶರ್ಟಿಗೂ ಇಸ್ತ್ರಿ ಹಾಕಿ ಬ್ಯಾಗಿನ ಮೇಲಿಟ್ಟಿದ್ದರು.

ಆಟಕ್ಕೂ ಬದುಕಿಗೂ ವ್ಯತ್ಯಾಸ ಇದೆ, ಅದನ್ನ ಮರೆಯೋಕಾಗಲ್ಲ. ಎಲ್ಡನ್ ರಿಂಗ್‌ನಲ್ಲಿ ರೆನಾಲ ರಾಣಿಯನ್ನ ಸೋಲಿಸಿದ ಮೇಲೆ, ಲಾರ್ವಲ್ ಟಿಯರ್ ಅನ್ನೋ ವಸ್ತು ಕೊಟ್ಟರೆ ಆಕೆ ನಿಮಗೆ ಹೊಸ ಹುಟ್ಟು ಕೊಡ್ತಾಳೆ. ಶಕ್ತಿ, ಕೈಚಳಕ ಎಲ್ಲವನ್ನೂ ಹೊಸದಾಗಿ ಹಂಚಿಕೊಳ್ಳಬಹುದು. ನಮಗೆ ಆ ಸೌಲಭ್ಯ ಇಲ್ಲ. ಆದರೆ ನಿಜವಾಗಿ ಸಮನಾದ ಎರಡು ವಸ್ತುಗಳ ಮಧ್ಯೆ ನಿಂತಾಗ ಒಂದು ಸಮಾಧಾನ ಇದೆ: ಯಾವುದನ್ನ ತಗೊಂಡ್ರೂ ಮುಳುಗಿಹೋಗಲ್ಲ. ಮುಳುಗಿಸೋದು ಎರಡರ ಮಧ್ಯೆ ನಿಂತೇ ಇರೋದು. ಕಲ್ಲುಗಳು ಚೀಲದಲ್ಲೇ ಉಳಿದು, ಕೈಯಲ್ಲಿ ಹಂತ ಏರದ ಕತ್ತಿ ಹಿಡಿದು ಮಾರ್ಗಿಟ್ ಮುಂದೆ ಹೋದವರನ್ನ ಕೇಳಿ ನೋಡಿ.

ಹಾಗಾಗಿ ಈಗಷ್ಟೇ ಆಟ ಶುರು ಮಾಡಿದವರು ಯಾವ ಕತ್ತಿ ಅಂತ ಕೇಳಿದ್ರೆ ನಾನು ಹೆಸರು ಹೇಳಲ್ಲ. ಮೊದಲು ಕಲ್ಲು ಖರ್ಚು ಮಾಡಬೇಡಿ. ಶಕ್ತಿ ಸಾಲದಿದ್ರೆ ಎರಡು ಕೈಯಲ್ಲಿ ಹಿಡಿಯಿರಿ. ಆಗ ನಿಮ್ಮ ಶಕ್ತಿ ಒಂದೂವರೆ ಪಟ್ಟು ಅಂತ ಲೆಕ್ಕ, 11 ಇದ್ದವರೂ ಈ ಕತ್ತಿ ಎತ್ತಬಹುದು. ಗೇಟ್‌ಫ್ರಂಟ್ ಪಾಳುಕೋಟೆಯ ಸೈನಿಕರ ಹತ್ತಿರ ಹೋಗಿ. ವಿಶ್ರಾಂತಿ ತಗೊಂಡ ಪ್ರತಿ ಸಲ ಅವರು ಮತ್ತೆ ಎದ್ದು ಬರ್ತಾರೆ. ಹತ್ತು ಸಲ ಕ್ಲೇಮೋರ್, ಹತ್ತು ಸಲ ಬ್ಯಾಸ್ಟರ್ಡ್. ಎಷ್ಟು ಜನರನ್ನ ಕೊಂದ್ರಿ ಅಂತ ಎಣಿಸಬೇಡಿ. ಯಾವ ಕತ್ತಿ ಕೈಯಲ್ಲಿದ್ದಾಗ ನಿಮ್ಮ ಕಣ್ಣು ಕತ್ತಿಯನ್ನ ಮರೆತು ಎದುರಿನವನ ಮೇಲೆ ನಿಂತಿತ್ತು, ಅದನ್ನ ಮಾತ್ರ ಗಮನಿಸಿ. ಆ 12 ಕಲ್ಲು ಅದಕ್ಕೇ ಹಾಕಿ.